ಸಂಗಮದ ನೀರು, ಮಲೆಯ ಮಣ್ಣು

ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರ್ ಹರಿದು ಬರುತ್ತದೆ. ಸಹ್ಯಾದ್ರಿಯ ಆ ಕಾಡಿನ ನೆಲವನ್ನು ಅಗೆದರೆ ಪದರ ಪದರವಾಗಿ ಮಣ್ಣು ಕಾಣುತ್ತೇವೆ: ಮೇಲೆ ಉದುರೆಲೆಗಳ ಹಾಸು; ಅದರಡಿ ಎಲೆ ಕೊಳೆತು ಆದ ಕಪ್ಪು ಮೆದುಮಣ್ಣು; ಅನಂತರ ಕಬ್ಬಿಣದ ಅಂಶದಿಂದ ಕೆಂಪಾದ ಜೇಡಿಮಣ್ಣು; ತಳದಲ್ಲಿ ಜಂಬಿಟ್ಟಿಗೆ, ಶಿಥಿಲವಾದ ಬಂಡೆ.

ಬಿರುಮಳೆಯು ಸುಣ್ಣದಂತಹ ಸತ್ವಗಳನ್ನು ತೊಳೆದೊಯ್ಯುವುದರಿಂದ ಈ ಮಣ್ಣು ಆಮ್ಲಗುಣದ್ದು. ಅದರ ಫಲವತ್ತತೆಯು ಬಹುಪಾಲು ಮೇಲಿನ ತೆಳುವಾದ ಕಪ್ಪು ಪದರದಲ್ಲಿಯೇ ಅಡಗಿದೆ. ಮಳೆಯನ್ನು ಹೀರಿಕೊಂಡು ಹೊಳೆಗೆ ಮೆಲ್ಲನೆ ಬಿಡುವುದರಲ್ಲಿಯೂ ಅದರ ಪಾಲು ದೊಡ್ಡದು.

ಮರಗಳನ್ನು ಕಡಿದರೆ ಆ ಪದರವು ಕೊಚ್ಚಿಹೋಗಿ ನವಿಲುತೀರ್ಥದ ಜಲಾಶಯದಲ್ಲಿ ಹೂಳಾಗುತ್ತದೆ. ಅದು ಮತ್ತೆ ಕೂಡಲು ಶತಮಾನಗಳೇ ಬೇಕು. ಸಂಗಮದ ನೀರನ್ನು ಕಣ್ಣಿಗೊತ್ತಿಕೊಳ್ಳುವ ನಾವು ಆ ಮಣ್ಣಿನ ಋಣವನ್ನು ಮರೆಯಲಾಗದು.