ಕುರ್ಚಿಯ ಬಾಬತ್ತು

ಮನೆಯ ಜಮಾಖರ್ಚಿನ ಪುಸ್ತಕ ಬರೆದಿಡುವ ಅಭ್ಯಾಸವುಳ್ಳವರು ಇಂದಿಗೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ನಾನೂ ಅವರಲ್ಲೊಬ್ಬ. ಹಾಲು, ದಿನಸಿ, ವಿದ್ಯುತ್ತು, ಔಷಧಿ, ಮದುವೆ-ಮುಂಜಿಗಳ ಉಡುಗೊರೆ, ಎಲ್ಲಕ್ಕೂ ಅದರಲ್ಲಿ ಒಂದೊಂದು ಬಾಬತ್ತು ಉಂಟು. ಕುರ್ಚಿ ಎಂಬ ಬಾಬತ್ತು ಮಾತ್ರ ಬಹುಕಾಲ ಇರಲಿಲ್ಲ. ಇರಬೇಕೆಂದು ತೋರಿಯೂ ಇರಲಿಲ್ಲ. ಕುಳಿತು ದುಡಿಯುವ ಕುರ್ಚಿ ಕಚೇರಿಯಲ್ಲಿರತಕ್ಕದ್ದು. ಅದನ್ನು ಕೊಂಡು ಹಾಕುವುದು ಸರ್ಕಾರದ ಅಥವಾ ಮಾಲೀಕರ ಜವಾಬ್ದಾರಿ. ಮನೆಯಲ್ಲಿರುವುದೇನಿದ್ದರೂ ಬಂದವರಿಗೆ ಹಾಕುವ ಆಸನ.

೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಈ ಏರ್ಪಾಡು ತಲೆಕೆಳಗಾಯಿತು. ಕಚೇರಿ ಮನೆಗೆ ಬಂತು. ಕಂಪ್ಯೂಟರು ಬಂತು, ಅದರ ಹಿಂದೆಯೇ ಮೇಲಧಿಕಾರಿಯ ದನಿಯೂ ಬಂತು. ಕುರ್ಚಿ ಮಾತ್ರ ಕಚೇರಿಯಲ್ಲೇ ಉಳಿಯಿತು. ಕೆಲವು ಕಂಪೆನಿಗಳು ಮೇಜು ಕುರ್ಚಿಗಳಿಗೆಂದು ನೌಕರರಿಗೆ ಹಣ ಕೊಟ್ಟದ್ದುಂಟು. ಹಾಗೆ ಸಿಗದಿದ್ದವರು ಊಟದ ಮೇಜಿನ ಮುಂದೆ, ಊಟದ ಕುರ್ಚಿಯ ಮೇಲೆ, ದಿನಕ್ಕೆ ಎಂಟು ಗಂಟೆ ಕುಳಿತರು. ಊಟಕ್ಕೆಂದು ಮಾಡಿದ ಕುರ್ಚಿ ಅರ್ಧ ಗಂಟೆಯ ಕುರ್ಚಿ.

ಮೈಸೂರಿನ ನಮ್ಮ ಮನೆಯಲ್ಲಿ ಹಾಗೆ ಕುಳಿತವಳು ನನ್ನ ಮಗಳು. ಅದಕ್ಕೆ ಹಿಂದಿನ ವರ್ಷವಷ್ಟೇ ನಡುಮನೆಗೆ ೬೪,೦೦೦ ರೂಪಾಯಿ ಕೊಟ್ಟು ಸೋಫಾ ತಂದಿದ್ದೆವು. ಬಂದುಹೋಗುವವರು ಅದರ ಮೇಲೆ ವಾರಕ್ಕೆ ಎರಡು ಗಂಟೆ ಕುಳಿತರೆ ಹೆಚ್ಚು. ಕೆಲವು ತಿಂಗಳ ಮೇಲೆ ಮಗಳು ೧೪,೦೦೦ ರೂಪಾಯಿಯ ಒಂದು ಕುರ್ಚಿಯ ಮಾತೆತ್ತಿದಾಗ ನಾನು, "ಒಂದು ಕುರ್ಚಿಗೆ ಅಷ್ಟೊಂದೇನಮ್ಮ?" ಎಂದೆ. ಕೇಳಿದ್ದು ನಾನು ಇಷ್ಟೇ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಸೊಂಟದ ಹಿಂದೆ ಒಂದು ದಿಂಬು ಇಟ್ಟುಕೊಂಡಳು. ಎರಡು ವರ್ಷಗಳ ಬಳಿಕ ಪುಸ್ತಕ ತಿರುವಿಹಾಕುವಾಗ ಔಷಧಿಯ ಬಾಬತ್ತಿನಲ್ಲಿ ಬೆನ್ನುನೋವಿನ ಅಂಗಸಾಧನೆಗೆಂದು ೧೧,೪೦೦ ರೂಪಾಯಿ ಸಂದಾಯವಾಗಿದ್ದುದು ಕಣ್ಣಿಗೆ ಬಿತ್ತು. ನೋವಿಗೆ ಕುರ್ಚಿಯೊಂದೇ ಕಾರಣವೆಂದು ಹೇಳಲಾರೆ. ಬೆನ್ನುನೋವಿಗೆ ಕಾರಣಗಳು ಹಲವು. ಒಳ್ಳೆಯ ಕುರ್ಚಿಯಲ್ಲಿ ಕುಳಿತವರಿಗೂ ಅದು ಬರುತ್ತದೆ. ಆದರೂ ನನ್ನ ಲೆಕ್ಕದ ರೀತಿಯಲ್ಲೇ ಏನೋ ಐಬು ಇದೆ ಎಂಬುದು ಅಂದು ತಿಳಿಯಿತು.

ಕುರ್ಚಿಯ ಬೆಲೆಯನ್ನು ನಾವು ಇಡಿಯಾಗಿ ನೋಡುತ್ತೇವೆ. ಹಾಲಿನ ಲೆಕ್ಕವನ್ನು ದಿನಕ್ಕಿಷ್ಟು ಎಂದು ಹಾಕುವವರು ಕುರ್ಚಿಯನ್ನು ಗಂಟೆಗಿಷ್ಟು ಎಂದು ಹಾಕುವುದಿಲ್ಲ. ಹಾಕಿ ನೋಡೋಣ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ೨೫೦ ದಿನ ದುಡಿದರೆ ೨,೦೦೦ ಗಂಟೆಗಳಾದವು. ೧೮,೦೦೦ ರೂಪಾಯಿಯ ಕುರ್ಚಿ ಆರು ವರ್ಷ ಬಾಳಿದರೆ ಗಂಟೆಗೆ ಒಂದೂವರೆ ರೂಪಾಯಿ ಬೀಳುತ್ತದೆ. ೫,೦೦೦ ರೂಪಾಯಿಯದು ಒಂದೂವರೆ ವರ್ಷಕ್ಕೆ ಕುಸಿದರೆ ಗಂಟೆಗೆ ಸುಮಾರು ೧ ರೂಪಾಯಿ ೬೭ ಪೈಸೆ. ಅಗ್ಗದ್ದೇ ತುಟ್ಟಿಯಾಯಿತು.

ಹಾಗೆಂದು ಈ ಲೆಕ್ಕವನ್ನು ಪೂರ್ತಿ ನಂಬುವುದಕ್ಕೂ ಆಗದು. ಒಮ್ಮೆಗೇ ೧೮,೦೦೦ ಎಣಿಸಬಲ್ಲವನಿಗೆ ಮಾತ್ರ ಈ ಒಂದೂವರೆ ರೂಪಾಯಿಯ ಸೌಲಭ್ಯ. ಎಣಿಸಲಾರದವನು ಬಡತನಕ್ಕಾಗಿ ಗಂಟೆಗೆ ಹದಿನೇಳು ಪೈಸೆ ಹೆಚ್ಚು ತೆರುತ್ತಾನೆ. ಇನ್ನೊಂದು ಕಡೆ ಇದೇ ಲೆಕ್ಕದಿಂದ ಎಂಥ ದುಂದನ್ನೂ ಸಮರ್ಥಿಸಬಹುದು. ಅಮೆರಿಕದ ಹರ್ಮನ್ ಮಿಲ್ಲರ್ ಕಂಪೆನಿ ೧೯೯೪ರಲ್ಲಿ ಹೊರತಂದ 'ಏರಾನ್' ಎಂಬ ಬಲೆಯಾಸನದ ಕುರ್ಚಿ ಜಗತ್ಪ್ರಸಿದ್ಧ. ಅದನ್ನು ರೂಪಿಸಿದವರು ಬಿಲ್ ಸ್ಟಂಪ್ ಮತ್ತು ಡಾನ್ ಚಾಡ್‌ವಿಕ್. ನಮ್ಮಲ್ಲಿ ಅದಕ್ಕೆ ಲಕ್ಷ ರೂಪಾಯಿಗೆ ಮೇಲ್ಪಟ್ಟ ಬೆಲೆ. ಹನ್ನೆರಡು ವರ್ಷದ ಭರವಸೆ ಇದೆಯಲ್ಲ, ಗಂಟೆಗೆ ಐದು ರೂಪಾಯಿ ತಾನೆ ಎಂದು ಅಂಗಡಿಯವನು ಹೇಳಿದರೆ ಗಣಿತದಲ್ಲಿ ತಪ್ಪು ಹುಡುಕಲಾಗದು. ಆದಕಾರಣ ಲೆಕ್ಕದ ಪುಸ್ತಕ ಮುಚ್ಚಿ, ಅಳತೆಯ ಟೇಪು ಕೈಗೆ ತೆಗೆದುಕೊಳ್ಳುವುದು ಮೇಲು.

ಅದಕ್ಕೆ ಮುಂಚೆ ವೈದ್ಯವಿಜ್ಞಾನದ ಒಂದು ಮಾತು. ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ ಎಂಬ ಮೂಳೆವೈದ್ಯರು ೧೯೬೦ರ ದಶಕದಲ್ಲಿ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳೊಳಗೆ ಸೂಜಿಯಿಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಹೆಚ್ಚೆಂದು ಅವರಿಗೆ ಕಂಡುಬಂತು. ಕುರ್ಚಿ ಮಾರುವವರು ಇಂದಿಗೂ ಹೇಳುವುದು ಇದನ್ನೇ. ಆದರೆ ೧೯೯೯ರಲ್ಲಿ ವಿಲ್ಕೆ ಮತ್ತು ಅವರ ಸಂಗಡಿಗರು ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಮೇಲೆ ಮಾಡಿದ ಹೊಸ ಅಳತೆಯಲ್ಲಿ, ಮೈಸಡಿಲಿಸಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಾಗಿರಲಿಲ್ಲ. ಕೂರುವುದೇ ವಿಷವೆಂದು ಹೆದರಿಸುವವರ ಮಾತನ್ನು, ಈ ಕುರ್ಚಿಯಿಂದಲೇ ಬೆನ್ನು ವಾಸಿಯೆನ್ನುವವರ ಮಾತನ್ನು, ಎರಡನ್ನೂ ಸ್ವಲ್ಪ ಸೋಸಿಕೊಂಡು ಕೇಳಬೇಕಾದದ್ದು ಇದಕ್ಕಾಗಿ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬಾರದೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದಕ್ಕೆ ಯಾವ ಬಾಬತ್ತಿನಲ್ಲೂ ಖರ್ಚು ಬರೆಯಬೇಕಿಲ್ಲ.

ಈಗ ಟೇಪು. ಅಳೆಯಬೇಕಾದದ್ದು ಕುರ್ಚಿಯನ್ನಲ್ಲ, ಕೂರುವವರನ್ನು. ಪಾದ ನೆಲಕ್ಕೆ ಊರಿ ಕುಳಿತಾಗ ನೆಲದಿಂದ ಮೊಣಕಾಲ ಹಿಂಬದಿಯ ಮಡಿಕೆಯವರೆಗಿನ ಎತ್ತರ ಮೊದಲನೆಯದು. ಐದಡಿ ಒಂದಂಗುಲದ ನನ್ನ ಮಗಳಿಗೆ ಇದು ೩೯ ಸೆಂಟಿಮೀಟರ್ ಬಂತು. ಅಂಗಡಿಯಲ್ಲಿ ನಾವು ನೋಡಿದ ಬಹುತೇಕ ಕುರ್ಚಿಗಳನ್ನು ಎಷ್ಟು ಇಳಿಸಿದರೂ ಆಸನ ೪೩ಕ್ಕಿಂತ ಕೆಳಗೆ ಬರಲಿಲ್ಲ. ಪರದೇಶದ ಮೈಕಟ್ಟಿಗೆ ಹೊಂದಿಸಿದ ಮಾದರಿಗಳನ್ನು ನಾವು ಹಾಗೆಯೇ ಎರವಲು ತಂದುಕೊಂಡೆವು. ನಮ್ಮವರ ಅಳತೆಗಳಿಲ್ಲವೆಂದಲ್ಲ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೯೭ರಲ್ಲೇ ದೇಬ್‌ಕುಮಾರ್ ಚಕ್ರವರ್ತಿಯವರು ಸಿದ್ಧಪಡಿಸಿದ ಭಾರತೀಯರ ಅಂಗಮಾಪನದ ಗ್ರಂಥವನ್ನು ಪ್ರಕಟಿಸಿದೆ. ಗ್ರಂಥದಲ್ಲಿರುವುದೆಲ್ಲ ಅಂಗಡಿಗೆ ಬರಬೇಕೆಂದಿಲ್ಲವಷ್ಟೆ.

ಎರಡನೆಯದು ಮೊಣಕೈಯ ಎತ್ತರ. ತೋಳು ಸಡಿಲಬಿಟ್ಟು ಕುಳಿತಾಗ ಮೊಣಕೈ ಎಲ್ಲಿರುತ್ತದೋ ಕೀಲಿಮಣೆ ಹೆಚ್ಚುಕಡಿಮೆ ಅಲ್ಲಿರಬೇಕು. ಮಗಳ ಮೊಣಕೈ ಆಸನದಿಂದ ೨೨ ಸೆಂಟಿಮೀಟರ್ ಮೇಲಿತ್ತು. ಪಾದ ನೆಲಕ್ಕೆ ಊರುವಂತೆ ಕುಳಿತರೆ ಮೊಣಕೈ ನೆಲದಿಂದ ೬೧ರಲ್ಲಿ. ಊಟದ ಮೇಜು ೭೫ರಲ್ಲಿ. ಎರಡು ವರ್ಷ ಅವಳು ಹೆಗಲು ಎತ್ತಿಕೊಂಡೇ ದುಡಿದಿದ್ದಳು. ಹೊರಗಿನಿಂದ ನೋಡಿದವರಿಗೆ, ಮಗು ಚೆನ್ನಾಗಿ ನೆಟ್ಟಗೆ ಕುಳಿತಿದೆ ಎಂದೇ ತೋರುತ್ತಿತ್ತು. ನನಗೂ ಹಾಗೇ ತೋರಿತ್ತು. ಮೇಜಿನ ಕಾಲನ್ನು ಕತ್ತರಿಸಲಾಗದಿದ್ದರೆ ಕುರ್ಚಿಯನ್ನು ೫೦-೫೨ಕ್ಕೆ ಏರಿಸಬೇಕು. ಆಗ ಕಾಲು ತೇಲುತ್ತದೆ. ಕಾಲಡಿಗೆ ಹನ್ನೆರಡು ಸೆಂಟಿಮೀಟರಿನಷ್ಟು ಎತ್ತರದ ಆಸರೆ ಬೇಕು. ಕುರ್ಚಿಯ ಅಂದಾಜುಪಟ್ಟಿಯಲ್ಲಿ ಮೇಜೂ ಕಾಲಾಸರೆಯೂ ಸೇರಿಬರುವುದು ಹೀಗೆ.

ಇನ್ನು ಹಣ ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು? ಆಸನದ ಆಳ ಮುಖ್ಯ. ಬೆನ್ನು ಹಿಂದಕ್ಕೆ ಒರಗಿಸಿದಾಗ ಆಸನದ ಅಂಚಿಗೂ ಮೊಣಕಾಲ ಮಡಿಕೆಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಇಲ್ಲವಾದರೆ ಗಿಡ್ಡನೆಯವರು ಮುಂದಕ್ಕೆ ಸರಿದು ಕುಳಿತು, ಬೆಲೆ ತೆತ್ತ ಬೆನ್ನಾಸರೆಯನ್ನು ಮುಟ್ಟುವುದೇ ಇಲ್ಲ. ಸೊಂಟದ ಕುಳಿಗೆ ಸೇರುವ, ಮೇಲೆ ಕೆಳಗೆ ಸರಿಸಬಲ್ಲ ಆಸರೆಗೆ ಹಣ ಕೊಡಬಹುದು. ತೋಳುಗಳು ಮೇಜಿನ ಕೆಳಗೆ ತೂರುವಷ್ಟು ತಗ್ಗುವಂತಿರಲಿ. ತಲೆಯಾಸರೆ ಬಹುಮಟ್ಟಿಗೆ ಅಲಂಕಾರ. ಮುಂದೆ ಬಾಗಿ ಕೆಲಸ ಮಾಡುವವರ ತಲೆ ಅಲ್ಲಿಗೆ ಹೋಗುವುದಿಲ್ಲ. ಮೋಟಾರು ಪಂದ್ಯದ ಆಸನದಂತೆ ಕಾಣುವ ಕೆಂಪು-ಕಪ್ಪು ಕುರ್ಚಿಗಳ ವಿಷಯ ಹೇಳದಿರುವುದೇ ಲೇಸು. ಮೆತ್ತೆಯೋ ಬಲೆಯೋ ಎಂಬುದು ಊರಿನ ಹವೆಯನ್ನು ಅವಲಂಬಿಸಿದ್ದು. ಮಂಗಳೂರಿನ ಸೆಕೆಯಲ್ಲಿ ಬಲೆಯೇ ಹಿತ. ಬಲೆಯೇನೂ ಅಮೆರಿಕದ ಆವಿಷ್ಕಾರವಲ್ಲ. ನಮ್ಮ ಹಳೆಯ ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿಗೆ ಗಾಳಿಯಾಡುವ ಆ ಗುಣ ಇದ್ದೇ ಇತ್ತು. ಅದು ಜೋತುಬಿದ್ದಾಗ ಅಂಧ ಕುಶಲಕರ್ಮಿಗಳು ಬಂದು, ಬೆರಳ ತುದಿಯಿಂದಲೇ ಕಣ್ಣುಕಣ್ಣಾಗಿ ಮತ್ತೆ ಹೆಣೆದುಕೊಡುತ್ತಿದ್ದುದುಂಟು.

ದುರಸ್ತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಇಂದಿನ ಕುರ್ಚಿ ಏರಿಳಿಯುವುದು ನಡುಗಂಬದೊಳಗೆ ಅದುಮಿಟ್ಟ ಅನಿಲದಿಂದ. ಒಳಗಿನ ಮುಚ್ಚಳಿಕೆ ಸವೆದು ಅನಿಲ ಸೋರಿದರೆ, ಕುಳಿತವರು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಾರೆ. ಕುರ್ಚಿಯೇ ಹೋಯಿತೆಂದು ಎಷ್ಟೋ ಮಂದಿ ಅದನ್ನು ಗುಜರಿಗೆ ಹಾಕುತ್ತಾರೆ. ಬಹುತೇಕ ಕುರ್ಚಿಗಳಲ್ಲಿ ಆ ಕೊಳವೆಯೊಂದನ್ನೇ ಬದಲಾಯಿಸಬಹುದು, ಚಕ್ರಗಳನ್ನೂ ಹಾಗೆಯೇ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬಣ್ಣದ್ದಲ್ಲ, ಬಿಡಿಭಾಗ ಸಿಕ್ಕುತ್ತದೆಯೇ ಎಂಬುದು. ಬೆಲೆಯ ಹತ್ತನೆಯ ಒಂದು ಪಾಲನ್ನು ಇದಕ್ಕೆಂದು ಬೇರೆ ತೆಗೆದಿಟ್ಟರೆ ವಿವೇಕ. ಕಚೇರಿಗಳು ಕೈಬಿಟ್ಟ ಒಳ್ಳೆಯ ಕುರ್ಚಿಗಳನ್ನು ಹೀಗೆ ದುರಸ್ತಿಮಾಡಿ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿವೆ. ಒಂದೇ ಹಣಕ್ಕೆ ಸಿಗುವ ಹೊಸ ಕಳಪೆಗಿಂತ ಹಳೆಯ ಉತ್ತಮವನ್ನು ನಾನಂತೂ ಆರಿಸುತ್ತೇನೆ. ಆದರೆ ಕೂರುವವರೇ ಹೋಗಿ ಕಾಲು ಗಂಟೆ ಕುಳಿತು ನೋಡಬೇಕು. ಅಪ್ಪನೋ ಗಂಡನೋ ಹೋಗಿ ಕುಳಿತು ಒಪ್ಪಿ ತಂದ ಕುರ್ಚಿ, ಅಪ್ಪನಿಗೋ ಗಂಡನಿಗೋ ಸರಿಹೋಗುತ್ತದೆ. ಮನೆಯಲ್ಲಿ ಹೊಲಿಗೆಯಂತ್ರದ ಮುಂದೆ ಸ್ಟೂಲಿನ ಮೇಲೆ ದಿನವಿಡೀ ಕೂರುವ ಹೆಂಗಸರಿಗೂ ಈ ಅಳತೆಗಳೆಲ್ಲ ಸಲ್ಲುತ್ತವೆ. ಅವರಿಗೆ ಕುರ್ಚಿ ಬೇಕೆಂದು ಯಾರಿಗೂ ತೋರುವುದಿಲ್ಲ, ಅಷ್ಟೆ.

ನಾವು ಕೊನೆಗೆ ತಂದದ್ದು ಅಂಥದೇ ಒಂದು ಹಳೆಯ ಕುರ್ಚಿ: ೯,೦೦೦ ರೂಪಾಯಿ, ಸಾಗಣೆಗೆ ೭೦೦, ನಮ್ಮ ನೆಲಕ್ಕೆ ಹೊಂದುವ ಮೆದು ಚಕ್ರಗಳಿಗೆ ೮೦೦. ಮಗಳು ಕುಳಿತು, ಮೊಣಕೈ ಮೇಜಿನ ಮಟ್ಟಕ್ಕೆ ಬರುವವರೆಗೆ ಏರಿಸಿದಳು. ನಿರೀಕ್ಷಿಸಿದಂತೆ ಕಾಲು ತೇಲಿತು. ಕಾಲಾಸರೆಗೆ ಎಷ್ಟಾಗುತ್ತದೆಂದು ನಾನು ವಿಚಾರಿಸುತ್ತಿರುವಾಗ ನನ್ನ ಹೆಂಡತಿ ಅಡುಗೆಮನೆಯ ಅಟ್ಟದಿಂದ ನಮ್ಮ ತಾಯಿಯ ಕಾಲದ ಎರಡು ಊಟದ ಮಣೆಗಳನ್ನು ಇಳಿಸಿ ತಂದಳು. ಮಣೆಗೆ ಕಾಲು ಸೋಕಿಸಬಹುದೇ ಎಂದು ಒಂದು ಕ್ಷಣ ಹಿಂದೆಮುಂದೆ ನೋಡಿ, ಹಸೆಮಣೆಯ ಮೇಲೆ ನಿಲ್ಲುವುದಿಲ್ಲವೇ ಎಂದು ತಾನೇ ಸಮಾಧಾನ ಹೇಳಿಕೊಂಡು, ಒಂದರ ಮೇಲೊಂದಿಟ್ಟಳು. ಟೇಪು ಹಿಡಿದೆ. ಹನ್ನೊಂದೂವರೆ ಸೆಂಟಿಮೀಟರ್ ಇತ್ತು. ಪುಸ್ತಕದಲ್ಲಿ ಕುರ್ಚಿ ಎಂಬ ಹೊಸ ಬಾಬತ್ತು ತೆರೆದು ೧೦,೫೦೦ ಎಂದು ಬರೆದೆ.