ದಿವಾಳಿಗೂ ದೀಪಕ್ಕೂ ಏನು ನಂಟು?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಡಫಳಾಪುರವೆಂಬ ಊರಿದೆ. ನಮಗೆ ಮಲೆಯಾಳ ಹೇಗೋ ಆ ತಾಲೂಕಿನ ಕನ್ನಡಿಗರಿಗೆ ಮರಾಠಿ ಹಾಗೆ. ಹಬ್ಬದ ದಿನ ನೆರೆಯವರು 'ದಿವಾಳಿ'ಯ ಶುಭಾಶಯ ಹೇಳಿದರೆ ಕನ್ನಡದ ಕಿವಿಗೆ ಅದು ಅಂಗಡಿ ಮುಳುಗಲಿ ಎಂದು ಹರಸಿದ ಹಾಗೆ ಕೇಳೀತು!

ಮರಾಠಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಹಬ್ಬ 'ದಿವಾಳಿ', ವ್ಯಾಪಾರ ಮುಳುಗುವುದು 'ದಿವಾಳೆ'. ಕೊನೆಯ ಸ್ವರವೊಂದೇ ಎರಡನ್ನೂ ಬೇರೆಯಾಗಿಟ್ಟಿದೆ. ಕನ್ನಡದಲ್ಲಿ ಆ ಭೇದ ಅಳಿಸಿಹೋಯಿತು. ನಾವು ಹಬ್ಬಕ್ಕೆ ದೀಪಾವಳಿಯನ್ನು ಇಟ್ಟುಕೊಂಡು ದಿವಾಳಿಯನ್ನು ನಷ್ಟದ ಪಾಲಿಗೆ ಬಿಟ್ಟೆವು. 'ದಿವಾಳಿ ತೆಗೆದ' ಎಂಬ ಮಾತೂ ಮರಾಠಿಯ 'ದಿವಾಳೆ ಕಾಢಣೆ'ಯ ಅಚ್ಚೇ.

ಇದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ 1808ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಡ್ರಮಂಡರ ಗುಜರಾತಿ-ಮರಾಠಿ ವ್ಯಾಕರಣ ಗ್ರಂಥ ಹೇಳುವ ವಿವರ ಸ್ವಾರಸ್ಯವಾಗಿದೆ. ಸಾಲ ತೀರಿಸಲಾರದ ವರ್ತಕನು ಮನೆಯಲ್ಲೋ ಅಂಗಡಿಯಲ್ಲೋ ದೊಡ್ಡ ದೀಪ ಉರಿಸಿಟ್ಟು ತಲೆಮರೆಸಿಕೊಳ್ಳುತ್ತಿದ್ದನಂತೆ. ಲೆಕ್ಕಪತ್ರ ತೆರೆದಿಟ್ಟು, ಉಳಿದುದನ್ನು ಹಂಚಿ, ಸಾಲ ಕೊಟ್ಟವರು ಸಮಾಧಾನಗೊಂಡ ಮೇಲೆಯೇ ಅವನು ಹೊರಗೆ ಬರುವುದು. ಬೆಳಕನ್ನು ಕರೆಯುವ ದೀಪವೇ ಇಲ್ಲಿ ಮಾನ ಹೋದುದರ ಡಂಗುರ! ಇಂಗ್ಲಿಷಿನ 'ಬ್ಯಾಂಕ್ರಪ್ಟ್' ಕೂಡ ಇಟಲಿಯ ಹಣ ವಿನಿಮಯಗಾರನ ಮುರಿದ ಬೆಂಚಿನಿಂದ ಬಂದದ್ದು.

ಡಫಳಾಪುರಕ್ಕೆ ಈ ಪದದ ಪರಿಚಯ ಅರಮನೆಯ ಕಡೆಯಿಂದಲೂ ಆಗಿತ್ತೆನ್ನಬೇಕು. ಜತ್ತ ಸಂಸ್ಥಾನವನ್ನಾಳಿದ ಡಫಳೆ ಮನೆತನಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ. ಒಡೆಯರ ಸಾಲಕ್ಕಾಗಿ 1827ರಲ್ಲಿ ಸಾತಾರದ ರಾಜರು ಜತ್ತ ಜಹಗೀರನ್ನು ವಶಪಡಿಸಿಕೊಂಡರು. ಅದು ಮರಳಿ ಸಿಕ್ಕಿದ್ದು 1841ರಲ್ಲಿ. ಆಮೇಲೂ ಸಂಸ್ಥಾನದ ಹಣಕಾಸು ನೇರ್ಪಡಿಸಲು ಬ್ರಿಟಿಷರು ಹಲವು ಸಲ ಕೈಹಾಕಬೇಕಾಯಿತು.

ಇನ್ನು ನಮ್ಮ ಕಾಸರಗೋಡಿಗೆ ಬರೋಣ. ಮಲೆಯಾಳದಲ್ಲಿ ಎಲ್ಲವನ್ನೂ ಉಡಾಯಿಸಿ ಬರಿಗೈಯಾಗುವುದಕ್ಕೆ 'ದೀಪಾಳಿ ಕುಳಿಕ್ಕುಕ' ಎನ್ನುತ್ತಾರೆ. ದೀಪಾವಳಿಯ ಸ್ನಾನ ಮಾಡುವುದು ಎಂದಂತೆ! ಹಬ್ಬವೂ ನಷ್ಟವೂ ಅಲ್ಲಿಯೂ ಒಂದಾಗಿವೆ. ಆದರೆ ಕಾಗದಪತ್ರಗಳಲ್ಲಿ ಕಾಣುವುದು 'ಪಾಪ್ಪರ್'. ನಮ್ಮ ಹಿರಿಯರ 'ಪಾಪರ್ ಚೀಟಿ'ಯೂ ಇದೇ, ಕೋರ್ಟಿನ ಇಂಗ್ಲಿಷಿನಿಂದ ಬಂದದ್ದು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕಾನೂನಿನಲ್ಲಿ 'ಪಾಪರ್' ಎಂದರೆ ಕೋರ್ಟು ಶುಲ್ಕ ಕಟ್ಟಲಾರದೆ ದಾವೆ ಹೂಡುವವನು. 1976ರ ತಿದ್ದುಪಡಿ ಆ ಮಾತನ್ನೇ ತೆಗೆದು 'ನಿರ್ಗತಿಕ ವ್ಯಕ್ತಿ' ಎಂಬರ್ಥದ ಮಾತನ್ನಿಟ್ಟಿತು. ದಿವಾಳಿಯವನಾದರೋ ಸಾಲ ತೀರಿಸಲಾರನೆಂದು ನ್ಯಾಯಾಲಯ ಘೋಷಿಸಿದವನು. ಮೊದಲನೆಯದು ಬಡವನಿಗೆ ಸಿಗುವ ರಿಯಾಯಿತಿ. ಎರಡನೆಯದರಲ್ಲಿ ಆಸ್ತಿಯೇ ಕೈತಪ್ಪಬಹುದು. ಆಡುಮಾತಿನಲ್ಲಿ ಎರಡೂ ಒಂದೇ ಎಂಬಂತೆ ಆಗಿಬಿಟ್ಟಿವೆ. ಸಾಲದ ವಿಚಾರದಲ್ಲಿ ಮಲೆಯಾಳದ ಕಾಗದವೊಂದು ಮನೆಗೆ ಬಂದು ಅದರಲ್ಲಿ 'ಪಾಪ್ಪರ್' ಎಂದು ಕಂಡರೆ, ಎರಡರಲ್ಲಿ ಯಾವುದೆಂದು ವಕೀಲರಲ್ಲಿ ಕೇಳಿ ತಿಳಿದ ಮೇಲೆಯೇ ರುಜು ಹಾಕುವುದು ಒಳ್ಳೆಯದು.