ಗಂಟು ಕಾಯುವವರು ಯಾರು?

ಕೂಡಲಸಂಗಮದಲ್ಲಿ ಹೊಳೆಗಿಳಿಯುವ ಯಾವ ಕುಟುಂಬವನ್ನೇ ನೋಡಿ, ಒಬ್ಬರು ದಂಡೆಯ ಮೇಲೆ ಉಳಿದಿರುತ್ತಾರೆ. ಹೆಚ್ಚಾಗಿ ಅಜ್ಜಿ. ಬಟ್ಟೆ, ಚಪ್ಪಲಿ, ಮೊಬೈಲು, ರೊಟ್ಟಿಬುತ್ತಿ ಎಲ್ಲ ಆಕೆಯ ಸುತ್ತ. ಉಳಿದವರು ಕೃಷ್ಣೆ-ಮಲಪ್ರಭೆ ಕೂಡುವಲ್ಲಿ ಮುಳುಗೆದ್ದು ಬಂದ ಮೇಲೆಯೇ ಆಕೆಯ ಸರದಿ. ಟೂರ್ ಕಂಪನಿಯ ಜತೆ ವಿದೇಶಕ್ಕೆ ಹೋದರೆ ಈ ಕಾವಲಿನ ಕೆಲಸ ಬಸ್ಸಿನವನದು, ಹೋಟೆಲಿನವನದು. ಹಾಸ್ಟೆಲ್ಲು, ಸಿಟಿ ಬಸ್ಸು, ಲೋಕಲ್ ರೈಲು ಎಂದು ಕೈಬಿಗಿ ಹಿಡಿದು ಹೊರಟವರಿಗೆ ಮಾತ್ರ ಅಜ್ಜಿಯೂ ತಾವೇ, ಹೊಳೆಗಿಳಿಯುವವರೂ ತಾವೇ.

ನಾನು ಹುನಗುಂದ ತಾಲ್ಲೂಕಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಕಡೆಯವರಿಗೆ ಲಂಡನ್ ನೋಡಲು ಒಂದು ಕಾರಣವಿದೆ. 2015ರ ನವೆಂಬರ್ 14ರಂದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಬಸವೇಶ್ವರರ ಪ್ರತಿಮೆ ಅನಾವರಣ ಮಾಡಿದರು. ಅದರ ಹಿಂದೆ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ. ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪಕ್ಕೆ ಕೈಮುಗಿದು ಬೆಳೆದ ನಾವು ಅಲ್ಲಿಯೂ ಕೈಮುಗಿಯುತ್ತೇವೆ, ಆಮೇಲೆ ಫೋಟೊ. ಎರಡಕ್ಕೂ ಎರಡು ಕೈ ಬೇಕು, ಹಾಗಾಗಿ ಚೀಲ ನೆಲಕ್ಕೆ. ಬಿಜ್ಜಳನ ಭಂಡಾರ ಕಾಯ್ದವನ ಎದುರೇ ನಮ್ಮ ಭಂಡಾರ ಅನಾಥ!

ಚೀಲ ಹೋಗುವುದು ಇಂಥ ಗಳಿಗೆಯಲ್ಲೇ. ಜನ ರಾತ್ರಿಗೆ ಹೆದರುತ್ತಾರೆ. ನಾನು ಹೆದರುವುದು ಹಗಲಿನ ಅರ್ಧ ನಿಮಿಷಕ್ಕೆ. ಟಿಕೆಟ್ ಯಂತ್ರದ ಮುಂದೆ ಚಿಲ್ಲರೆ ಎಣಿಸುವಾಗ, ಎಸ್ಕಲೇಟರ್ ಹತ್ತುವಾಗ, ರೈಲಿನ ಬಾಗಿಲು ಮುಚ್ಚುವ ಮುಂಚಿನ ಕ್ಷಣದಲ್ಲಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಮೂರು ಬಟ್ಟಲು ಮಗುಚಿ ಗೋಲಿ ಎಲ್ಲಿದೆ ಹೇಳು ಎನ್ನುವ ಆಟ ನಡೆಯುತ್ತದೆ. ಆಡದಿದ್ದರೂ ನಿಂತು ನೋಡಬೇಡಿ, ನೋಡುವವರ ಕಿಸೆಯ ಮೇಲೆ ಬೇರೆಯವರ ಕಣ್ಣಿರುತ್ತದೆ. ಬನಶಂಕರಿ ಜಾತ್ರೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೈಕಲ್ ಮೇಲೆ ಬಂದು ಕೈಯಲ್ಲಿನ ಫೋನು ಕಿತ್ತು ಹೋಗುವುದು ಲಂಡನ್ನಿನ ಹೊಸ ವಿದ್ಯೆ. ದಾರಿ ನೋಡಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ.

ನಮ್ಮ ಹಿರಿಯರು ಜಾತ್ರೆಗೆ ಹೊರಟಾಗ ದುಡ್ಡನ್ನು ಒಂದೇ ಕಡೆ ಇಡುತ್ತಿರಲಿಲ್ಲ. ಒಂದಿಷ್ಟು ಸೆರಗಿನ ಗಂಟಿನಲ್ಲಿ, ಒಂದಿಷ್ಟು ಎಲೆಅಡಕೆ ಸಂಚಿಯಲ್ಲಿ, ಊರಿಗೆ ಮರಳುವ ಖರ್ಚು ಒಳಕಿಸೆಯಲ್ಲಿ. ನಾನೂ ಇಳಕಲ್ಲಿನ ದರ್ಜಿಯಿಂದ ಲಂಗಕ್ಕೆ ಜಿಪ್ ಇರುವ ಒಳಕಿಸೆ ಹೊಲಿಸಿಕೊಂಡೆ. ಪಾಸ್‌ಪೋರ್ಟ್, ಒಂದು ಕಾರ್ಡು, ಒಂದಿಷ್ಟು ನೋಟು ಅಲ್ಲಿ. ಎರಡನೇ ಕಾರ್ಡು ಚೀಲದಲ್ಲಿ. ದಿನದ ಖರ್ಚು ಮಾತ್ರ ಪರ್ಸಿನಲ್ಲಿ. ಪೇಟೆಯಲ್ಲಿ ಸಿಗುವ ಯಾವ ಸೊಂಟಪಟ್ಟಿಗಿಂತಲೂ ಇದೇ ವಾಸಿ ಎಂಬುದು ನನ್ನ ತೀರ್ಮಾನ. ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೊ ಫೋನಿನಲ್ಲೂ ಇರಲಿ, ಮನೆಯವರ ಬಳಿಯೂ ಇರಲಿ. ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ದೂತಾವಾಸ. ಲಂಡನ್ನಿನಲ್ಲಾದರೆ ಆಲ್ಡ್‌ವಿಚ್‌ನ ಇಂಡಿಯಾ ಹೌಸ್. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಊರು ಮುಟ್ಟಿಸುತ್ತದೆ.

ಹಾಸ್ಟೆಲ್‌ಗಳಲ್ಲಿ ಲಾಕರ್ ಇರುತ್ತದೆ, ಬೀಗ ಹಲವು ಕಡೆ ಇರುವುದಿಲ್ಲ. ಸಣ್ಣದೊಂದು ಬೀಗ ಒಯ್ಯಿರಿ. ನಮ್ಮ ರೈಲು ನಿಲ್ದಾಣಗಳಲ್ಲಿ ಮಾರುವ ಚೈನೂ ಇರಲಿ, ಲಾಕರ್ ಇಲ್ಲದಲ್ಲಿ ಮಂಚದ ಕಾಲಿಗೆ ಬಿಗಿಯಬಹುದು. ಕೋಣೆ ಬಿಟ್ಟ ಮೇಲೆ ಸಾಮಾನಿಡಲು ಹಾಸ್ಟೆಲ್‌ನವರು ತೋರಿಸುವ ಕೋಣೆಗೆ ಬರುವವರು ಹೋಗುವವರೆಲ್ಲ ನುಗ್ಗುತ್ತಾರೆ. ಬಟ್ಟೆಗೆ ಸಾಕು, ಲ್ಯಾಪ್‌ಟಾಪ್‌ಗೆ ಬೇಡ. ದೊಡ್ಡ ರೈಲು ನಿಲ್ದಾಣಗಳ ಲಗೇಜ್ ಕೌಂಟರ್ ಭದ್ರವೇ, ಆದರೆ ದುಬಾರಿ. ‘ಐದು ನಿಮಿಷ’ ಎಂದು ಬೆಂಚಿನ ಮೇಲೆ ಬಿಟ್ಟುಹೋಗುವುದಂತೂ ಕೂಡದು. ವಾರಸುದಾರರಿಲ್ಲದ ಚೀಲ ಅಲ್ಲಿ ಬಾಂಬಿನ ಅನುಮಾನ ಹುಟ್ಟಿಸುತ್ತದೆ. ‘ಸೀ ಇಟ್, ಸೇ ಇಟ್, ಸಾರ್ಟೆಡ್’ ಎಂದು ಬ್ರಿಟನ್ನಿನ ರೈಲುಗಳಲ್ಲಿ ದಿನವಿಡೀ ಕೂಗುವುದು ಅದಕ್ಕೇ.

ವಿಮಾನದ ದೊಡ್ಡ ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಬೀಗದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಬಾಲ್‌ಪೆನ್ನಿನ ಮೊನೆ ಚುಚ್ಚಿದರೆ ಜಿಪ್ಪು ಬಾಯಿ ಬಿಡುತ್ತದೆ, ಬೀಗ ಇದ್ದಲ್ಲೇ ಇರುತ್ತದೆ. ಚಿನ್ನ, ಮಾತ್ರೆ, ಕಾಗದಪತ್ರ ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕನ್ನಂತೂ ದೊಡ್ಡ ಪೆಟ್ಟಿಗೆಗೆ ಹಾಕಲು ನಿಯಮವೇ ಬಿಡುವುದಿಲ್ಲ. ಒಂದೇ ಬಣ್ಣದ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಸಾಲಾಗಿ ಬರುವಾಗ ಅದಲುಬದಲಾಗುವುದೇ ಹೆಚ್ಚು. ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡೊಂದನ್ನು ಹಿಡಿಕೆಗೆ ಕಟ್ಟಿದೆ. ದೂರದಿಂದಲೇ ಗುರುತು ಸಿಗುತ್ತಿತ್ತು.

ಪೆಟ್ಟಿಗೆ ಬಾರದಿದ್ದರೆ? ಒಮ್ಮೆ ನಮ್ಮ ಜತೆಯವರದು ಬರಲಿಲ್ಲ. ‘ನಾಳೆ ಫೋನ್ ಮಾಡಿ’ ಎಂದ ಕೌಂಟರಿನವನ ಮಾತಿಗೆ ತಲೆಯಾಡಿಸಿ ಅವರು ಹೊರಟೇಬಿಟ್ಟಿದ್ದರು, ಎಳೆದು ನಿಲ್ಲಿಸಿದೆವು. ವಿದೇಶ ವಿಮಾನಗಳಲ್ಲಿ ಸಾಮಾನಿಗೆ ಆದ ನಷ್ಟದ ಪರಿಹಾರಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಪೆಟ್ಟಿಗೆ ಒಡೆದು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದಂತೆಯೇ ಲೆಕ್ಕ. ಪರಿಹಾರದ ಮಿತಿ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿದ್ದು, ಆದರೆ ಅದು ಮಿತಿಯಷ್ಟೇ. ನಷ್ಟಕ್ಕೆ ಪುರಾವೆ ತೋರಿಸಬೇಕು. ಪ್ಯಾಕ್ ಮಾಡುವಾಗ ಪೆಟ್ಟಿಗೆ ತೆರೆದಿಟ್ಟು ಒಂದು ಫೋಟೊ ತೆಗೆಯಿರಿ, ಬಿಲ್ಲುಗಳನ್ನು ಎಸೆಯಬೇಡಿ. ಎಲ್ಲಕ್ಕೂ ಆಧಾರ ಆ ಕೌಂಟರಿನಲ್ಲೇ ಬರೆಸುವ ಪಿಐಆರ್ (ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್) ಎಂಬ ಒಂದು ಹಾಳೆ. ಅದನ್ನು ಬರೆಸಿ, ಅದರ ನಂಬರು ಕೈಗೆ ಬರುವತನಕ ವಿಮಾನ ನಿಲ್ದಾಣದ ಬಾಗಿಲು ದಾಟಬೇಡಿ.